ಜನವರಿ 7ರಂದು ಹೊಸೂರಿಗೆ ಎರಡು ಸಿನಿಮಾ ಬೇಕು

ತಮಿಳುನಾಡಿನ ಹೊಸೂರು ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ಜನವರಿ 7 ನಟಿ ಬಿ. ಸರೋಜಾದೇವಿಯವರ ಜನ್ಮದಿನ. ಪ್ರತಿ ವರ್ಷ ಆ ದಿನ ಅವರ ಒಂದು ಕನ್ನಡ ಚಿತ್ರವನ್ನೂ ಒಂದು ತಮಿಳು ಚಿತ್ರವನ್ನೂ ಮಹಾನಗರ ಪಾಲಿಕೆಯ ವತಿಯಿಂದ ಉಚಿತವಾಗಿ ತೋರಿಸುವ ಏರ್ಪಾಡು ಮಾಡಿಸಿಕೊಡಿ ಎಂದು ಕೇಳಲು ಈ ಪತ್ರ. ಚರಂಡಿ, ಕುಡಿಯುವ ನೀರಿನ ಅಹವಾಲುಗಳ ನಡುವೆ ಇದೆಂಥ ಬೇಡಿಕೆ ಎನ್ನಬೇಡಿ. ಅವುಗಳಿಗೆ ಬೇರೆ ಅರ್ಜಿ ಕೊಟ್ಟಾಗಿದೆ.

1955ರಲ್ಲಿ ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ದಿಂದ ಅವರು ಕನ್ನಡ ತೆರೆಗೆ ಬಂದರು. ಮೂರೇ ವರ್ಷಕ್ಕೆ ಮದರಾಸಿನಲ್ಲಿ, ಎಂ.ಜಿ.ಆರ್. ತಾವೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’. ಆ ಚಿತ್ರ ಕಪ್ಪು ಬಿಳುಪಿನಲ್ಲಿ ಶುರುವಾಗುತ್ತದೆ. ಬಣ್ಣ ಬರುವುದು ದ್ವಿತೀಯಾರ್ಧದಲ್ಲಿ, ಸರೋಜಾದೇವಿ ಬರುವುದೂ ಆಗಲೇ. ಅಂಥ ಪ್ರವೇಶ ಎಷ್ಟು ನಟಿಯರಿಗೆ ಸಿಕ್ಕೀತು! ತಮಿಳರು ‘ಕನ್ನಡತ್ತು ಪೈಂಗಿಳಿ’, ಅಂದರೆ ಕನ್ನಡದ ಗಿಳಿ, ಎಂದು ಕರೆದು ಅವರನ್ನು ಮನೆಮಗಳು ಮಾಡಿಕೊಂಡರು. ತೆಲುಗು, ಹಿಂದಿಯಲ್ಲೂ ನಟಿಸಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಬಂದವು.

ಮೊದಲ ವರ್ಷಕ್ಕೆ ಯಾವ ಚಿತ್ರಗಳೆಂದು ನಾನೇ ಹೇಳಿಬಿಡುತ್ತೇನೆ, ಅಧಿಕಾರಿಗಳಿಗೆ ಬಿಟ್ಟರೆ ಸಮಿತಿ ರಚನೆಯಾಗುತ್ತದೆ. 1961ರ ಎರಡು ಚಿತ್ರಗಳು ಸಾಕು. ‘ಪಾಲುಂ ಪಳಮುಂ’ ಚಿತ್ರದಲ್ಲಿ ಅವರು ಶಿವಾಜಿ ಗಣೇಶನ್ ಎದುರು ನರ್ಸ್. ಕ್ಷಯ ಅಂಟಿದ್ದು ತಿಳಿದಾಗ, ವೈದ್ಯನಾದ ಗಂಡನ ಸಂಶೋಧನೆ ತನ್ನಿಂದ ಕೆಡಬಾರದೆಂದು ದೂರವಾಗುವ ಹೆಣ್ಣು. ಅದೇ ವರ್ಷ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಕಪ್ಪ ಕೇಳಿದವರ ಮುಂದೆ ಸಿಡಿದೇಳುವ ರಾಣಿ. ಅಲ್ಲಿ ನುಂಗಿಕೊಂಡ ಮಾತೆಲ್ಲ ಇಲ್ಲಿ ಗುಡುಗಾಗಿ ಬಂದಂತಿದೆ. ಚೆಲುವೆ, ಕಣ್ಣು ಚೆಂದ ಎಂದಷ್ಟೇ ಅವರನ್ನು ಹೊಗಳಿ ಮುಗಿಸುವವರ ಮೇಲೆ ನನಗೆ ಸಿಟ್ಟಿದೆ. ಬೆಳಿಗ್ಗೆ ಒಂದು, ಸಂಜೆ ಒಂದು ನೋಡಲಿ.

ನಮ್ಮ ಊರಿನ ಸ್ಥಿತಿ ತಮಗೆ ಗೊತ್ತೇ ಇದೆ. ಮನೆಯಲ್ಲಿ ಕನ್ನಡ ಇಲ್ಲವೇ ತೆಲುಗು, ಶಾಲೆಯಲ್ಲಿ ತಮಿಳು. ಬಾಗಲೂರು, ತಳಿ ಕಡೆಯ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಂಥ ಮಗು ‘ಚೆನ್ನಮ್ಮ’ ನೋಡಲು ಅಕ್ಷರ ಬೇಕಿಲ್ಲ, ಕಿವಿ ಸಾಕು. ತಮಿಳು ಮನೆಯ ಮಗುವೂ ಪಕ್ಕದಲ್ಲೇ ಕೂರಲಿ, ತನ್ನ ಅಜ್ಜಿ ಮೆಚ್ಚಿದ ನಟಿ ಬೇರೊಂದು ಭಾಷೆಯಲ್ಲಿ ಅಬ್ಬರಿಸುವುದನ್ನು ನೋಡಲಿ. ಇದರಲ್ಲಿ ಭಾಷಾ ರಾಜಕೀಯ ಹುಡುಕುವವರಿಗೆ ಎಂ.ಜಿ.ಆರ್. ಜೊತೆ ಅವರು ನಟಿಸಿದ ಚಿತ್ರಗಳ ಪಟ್ಟಿ ತೋರಿಸಿ, ಬಾಯಿ ಮುಚ್ಚೀತು.

2025ರ ಜುಲೈ 14ರಂದು ಅವರು ತೀರಿಕೊಂಡರು. ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಕರ್ನಾಟಕ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಿಸಿತು. ಗಡಿಯ ಈಚೆಗಿನ ನಾವು ಏನು ಮಾಡಿದೆವು? ತೊರಪ್ಪಳ್ಳಿಯಲ್ಲಿ ರಾಜಾಜಿಯವರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡ ತಾಲ್ಲೂಕು ಇದು. ನಾನು ಕೇಳುತ್ತಿರುವುದು ಪ್ರತಿಮೆಯನ್ನಲ್ಲ, ರಸ್ತೆಗೆ ಹೆಸರನ್ನೂ ಅಲ್ಲ. ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ಚಿತ್ರಗಳ ಹಕ್ಕುದಾರರಿಗೆ ಪಾಲಿಕೆಯಿಂದ ಒಂದು ಪತ್ರ. ಆ ಪತ್ರ ನವೆಂಬರಿನೊಳಗೆ ಹೊರಟರೆ ಅನುಮತಿಗೆ ಸಮಯ ಸಿಗುತ್ತದೆ. ಆಹ್ವಾನ ಪತ್ರಿಕೆ ಎರಡೂ ಭಾಷೆಗಳಲ್ಲಿರಲಿ. ಕನ್ನಡದ ಕರಡು ತಿದ್ದಿಕೊಡಲು ನಾನು ಸಿದ್ಧ.

ತಮ್ಮ ವಿಶ್ವಾಸಿ,
ಹೊಸೂರಿನ ಒಬ್ಬ ಕನ್ನಡಿಗ ಮತದಾರ