ಭಾನುವಾರ ಸಂಜೆ, ಓಡುವ ನಾಯಿಗಳ ಫೋಟೊ

ಭಾನುವಾರ ಸಂಜೆ ಐದಕ್ಕೆ ಆನೆಗುಂದಿ ಹೊಳೆದಂಡೆಗೆ ಬರುವವರು ಗಮನಿಸಿ. ಓಡುವುದು ಮುಧೋಳ ನಾಯಿಗಳು, ಹೊತ್ತು ಮುಳುಗುವ ಸಮಯ ಬೇರೆ. ಶಟರ್ ವೇಗ 1/1000 ಸೆಕೆಂಡ್ ಇಡಿ. ಬೆಳಕು ಇಳಿದಂತೆ 1/500 ಸಾಕು, ಅದಕ್ಕೂ ಕಮ್ಮಿಯಾದರೆ ಕಾಲುಗಳು ಮಸುಕಾಗುತ್ತವೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 6400 ಆದರೂ ಹೆದರಬೇಡಿ. ಫೋಟೊದಲ್ಲಿ ಕಾಳುಕಾಳು ಬಂದರೆ ಆಮೇಲೆ ಕಮ್ಮಿ ಮಾಡಬಹುದು, ಅಲುಗಿದ್ದನ್ನು ಸರಿ ಮಾಡಲು ಆಗುವುದಿಲ್ಲ, ಅಲ್ವಾ? 50 ಎಂಎಂ ಎಫ್ 1.8 ಲೆನ್ಸ್ ಇದ್ದವರು ಅದನ್ನೇ ತನ್ನಿ, ಅದು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ಜೂಮ್ ಮಾಡಿದಷ್ಟೂ ಬೆಳಕು ಕಮ್ಮಿ. ಫೋಕಸ್ ಕಂಟಿನ್ಯೂಯಸ್ ಇರಲಿ, ಓಡುವ ನಾಯಿಯನ್ನು ಅದು ಹಿಂಬಾಲಿಸುತ್ತದೆ.

ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಉಳಿದ ಬೆಳಕು ನಾಯಿ ಮುಖಕ್ಕೆ ಬೀಳುತ್ತದೆ. ತೀರಾ ಮಬ್ಬಾದಾಗ 1/60ರಲ್ಲಿ ನಾಯಿ ಜೊತೆಗೇ ಕ್ಯಾಮೆರಾ ತಿರುಗಿಸಿ, ಹಿಂದಿನ ಬಂಡೆಗಳು ಗೆರೆಗೆರೆಯಾಗುತ್ತವೆ. ನನಗೆ ಅದೇ ಜಾಸ್ತಿ ಇಷ್ಟ. ಫ್ಲ್ಯಾಶ್ ಮಾತ್ರ ಬೇಡ, ನಾಯಿಗಳು ಬೆದರುತ್ತವೆ. ನೀರು ತನ್ನಿ, ಅವಕ್ಕೂ ಸೇರಿಸಿ.