ಮಡ್ಡಿಯಲ್ಲಿ ಗುಂಡಿ ತೋಡುವ ಮೊದಲು

ಮಾನ್ಯ ಸಂಪಾದಕರೇ,

ಆಫ್ರಿಕಾದ ಸವನ್ನಾ ಹುಲ್ಲುಗಾವಲಿನಲ್ಲಿ ಕೆಲಸ ಮಾಡುವ ವಿಶ್ವವಿದ್ಯಾಲಯದ ತಂಡಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಸಿಂಹದ ಫೋಟೊ ಅರ್ಧ ಪುಟ, ಸಂಶೋಧನೆ ನಾಲ್ಕೇ ಸಾಲು. ಇರಲಿ ಬಿಡಿ. ಆದರೆ ಆ ಸಂಶೋಧನೆ ಮಡ್ಡಿಯಲ್ಲಿ, ಅಂದರೆ ಉಳುಮೆಗೆ ಬಾರದ ಕಲ್ಲು ನೆಲದ ಹುಲ್ಲುಬಯಲಲ್ಲಿ, ಗುಂಡಿ ತೋಡಿ ಸಸಿ ನೆಡುತ್ತಿರುವ ನಮ್ಮ ಬಾಗಲಕೋಟೆ, ವಿಜಯಪುರ ಕಡೆಯವರಿಗೂ ಬೇಕಾದದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಕೀನ್ಯಾದ ಲೈಕಿಪಿಯಾದಲ್ಲಿ ಎಂಪಾಲಾ ಅಂತ ಒಂದು ಸಂಶೋಧನಾ ಕೇಂದ್ರ ಇದೆ. 1995ರಲ್ಲಿ ಅಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೂಮನ್ ಯಂಗ್ ಮತ್ತು ಸಂಗಡಿಗರು ತಲಾ 4 ಹೆಕ್ಟೇರಿನ 18 ತುಂಡು ಜಮೀನು ಗುರುತಿಸಿ ಬೇರೆ ಬೇರೆ ನಮೂನೆಯ ಬೇಲಿ ಹಾಕಿದರು. ಕೆಲವಕ್ಕೆ ದನ ಮಾತ್ರ ಹೋಗಬೇಕು, ಕೆಲವಕ್ಕೆ ಆನೆ, ಜಿರಾಫೆ ಬಿಟ್ಟು ಉಳಿದವೆಲ್ಲ ಹೋಗಬಹುದು, ಕೆಲವಕ್ಕೆ ಯಾವ ದೊಡ್ಡ ಪ್ರಾಣಿಗೂ ಪ್ರವೇಶ ಇಲ್ಲ. ಆಮೇಲೆ ಏನಾಗುತ್ತದೆ ಅಂತ ವರ್ಷಗಟ್ಟಲೆ ನೋಡುತ್ತಾ ಬಂದರು. ಮಣ್ಣು ಯಾವುದು ಗೊತ್ತಾ? ನಮ್ಮಂಥದೇ ಕರಿ ಎರೆ ಮಣ್ಣು, ಮಳೆಯಾದರೆ ಗಾಡಿ ಹೂತುಹೋಗುವಂಥದು.

ಕಾಡುಪ್ರಾಣಿ ಮೇಯ್ದರೆ ದನಕ್ಕೆ ಮೇವು ಉಳಿಯಲ್ಲ ಅನ್ನುವುದು ಅಲ್ಲೂ ಇರುವ ದೂರು. ಒಣಗಾಲದಲ್ಲಿ ಅದು ನಿಜ ಅಂತಲೇ ಕಂಡಿತು, ದನಗಳ ಮೈ ಅಷ್ಟಾಗಿ ತುಂಬಲಿಲ್ಲ. ಮಳೆಗಾಲದಲ್ಲಿ ಮಾತ್ರ ಪೂರ್ತಿ ಉಲ್ಟಾ. ಜೀಬ್ರಾದಂಥವು ಒಣ ಕಡ್ಡಿಯನ್ನೆಲ್ಲ ತಿಂದು ಹೋದ ಜಾಗದಲ್ಲಿ ದನಕ್ಕೆ ಒಳ್ಳೆಯ ಎಳೆ ಹುಲ್ಲು ಸಿಕ್ಕು ತೂಕ ಜಾಸ್ತಿ ಬಂತು. 2011ರಲ್ಲಿ ಪ್ರಕಟವಾದ ಫಲಿತಾಂಶ ಇದು. ಒಂದೇ ಹಂಗಾಮು ನೋಡಿ ಎದ್ದುಹೋಗಿದ್ದರೆ ಅರ್ಧ ಸತ್ಯವೇ ಕೈಗೆ ಸಿಗುತ್ತಿತ್ತು ಅಲ್ವಾ?

ಅದೇ ಲೈಕಿಪಿಯಾದ ಇರುವೆಯ ವಿಷಯ ಇನ್ನೂ ಮಜಾ ಇದೆ. ಅಲ್ಲಿ ನಮ್ಮ ಜಾಲಿಯ ಬಳಗದ ಒಂದು ಮುಳ್ಳಿನ ಮರ. ಆನೆ ಮುರಿಯಲು ಬಂದರೆ ಮರದಲ್ಲೇ ಗೂಡು ಮಾಡಿರುವ ಇರುವೆಗಳು ಕಚ್ಚಿ ಓಡಿಸುತ್ತವೆ. ಹೊರಗಿನಿಂದ ದೊಡ್ಡ ತಲೆಯ ಇರುವೆ ಬಂತು, ಈ ಕಾವಲು ಇರುವೆಗಳನ್ನು ಕೊಂದಿತು. ಆನೆಗಳು ಮರ ಮುರಿದವು, ಬಯಲು ತೆರೆದುಕೊಂಡಿತು, ಹೊಂಚು ಹಾಕಲು ಮರೆ ಇಲ್ಲದೆ ಸಿಂಹಕ್ಕೆ ಜೀಬ್ರಾ ಸಿಗುವುದು ಕಡಿಮೆಯಾಯಿತು. ಸಿಂಹ ಕಾಡೆಮ್ಮೆಯ ಬೆನ್ನು ಹತ್ತಿತು! ವ್ಯೋಮಿಂಗ್ ವಿಶ್ವವಿದ್ಯಾಲಯದವರೂ ಇದ್ದ ತಂಡ 2024ರಲ್ಲಿ ಇದನ್ನು ಪ್ರಕಟಿಸಿತು. ನಿಮ್ಮ ಅರ್ಧ ಪುಟದ ಸಿಂಹದ ಪಕ್ಕ ಆ ಇರುವೆಗೂ ಒಂದು ಫೋಟೊ ಸಲ್ಲಬೇಕಿತ್ತು.

ಬಯಲಿನಲ್ಲಿ ಮರ ಹೆಚ್ಚುಕಡಿಮೆಯಾದರೆ ಉಳಿದದ್ದೂ ಬದಲಾಗುತ್ತದೆ ಅಂತಾಯಿತು. ಈಗ ನಮ್ಮ ಕಡೆ ಬನ್ನಿ. ಎರೆ ಹೊಲ ಎಲ್ಲ ಜೋಳ, ಕಡಲೆ, ಕಬ್ಬಿಗೆ ಹೋಗಿದೆ. ಹುಲ್ಲಿಗೆ ಉಳಿದಿದ್ದು ಮಡ್ಡಿ ಮತ್ತು ಊರಿನ ಗಾಯರಾಣ, ಅಂದರೆ ದನ ಕುರಿ ಮೇಯಲು ಬಿಟ್ಟ ಊರೊಟ್ಟಿನ ಜಾಗ. ಬೀಳಗಿ, ಮುಧೋಳ ಕಡೆಯ ಯಡಹಳ್ಳಿಯನ್ನು 2016ರಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಯ ಧಾಮ ಮಾಡಿದ್ದು ಒಳ್ಳೆಯದೇ ಆಯಿತು. ಉಳಿದ ಮಡ್ಡಿಗಳಿಗೆ ದಿಕ್ಕಿಲ್ಲ. ಮರ ಇಲ್ಲ ಅಂದರೆ ಪಾಳು ಅಂತ ಲೆಕ್ಕ. ನಮ್ಮೂರ ಗಾಯರಾಣಕ್ಕೂ ಜೆಸಿಬಿ ಬಂತು, ಗುಂಡಿ ತೋಡಿದರು, ಸಸಿ ನೆಟ್ಟರು, ಫೋಟೊ ತೆಗೆಸಿಕೊಂಡರು, ಕುರಿಗಳನ್ನು ಹೊರಗೆ ಹಾಕಿದರು. ಸಸಿ ಬದುಕದಿದ್ದರೆ ದುಡ್ಡು ದಂಡ. ಬದುಕಿದರೆ ಇನ್ನೂ ಕಷ್ಟ, ಯಾಕೆಂದರೆ ಬಿಸಿಲು ಬೇಕಾದ ಹುಲ್ಲು ದಟ್ಟ ನೆರಳಲ್ಲಿ ಬೆಳೆಯುವುದಿಲ್ಲ. ಆ ಹುಲ್ಲಿಗೇ ಕಾದು ಕೂತ ಕುರಿಗಾಹಿ ಎಲ್ಲಿಗೆ ಹೋಗಬೇಕು? ಮರ ಬೇಡ ಅನ್ನುತ್ತಿಲ್ಲ, ರಸ್ತೆ ಬದಿ ನೆಡಿ, ಶಾಲೆ ಅಂಗಳದಲ್ಲಿ ನೆಡಿ, ಹೊಲದ ಬದುವಿಗೆ ನೆಡಿ.

ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆ. ಇವರು ಯಾವುದಾದರೂ ಮಡ್ಡಿಯಲ್ಲಿ ನಾಲ್ಕೈದು ತುಂಡು ಜಾಗಕ್ಕೆ ಬೇಲಿ ಹಾಕಿ, ಒಂದಕ್ಕೆ ಕುರಿ ಬಿಟ್ಟು, ಒಂದಕ್ಕೆ ಬಿಡದೆ, ಒಂದರಲ್ಲಿ ಬೇಕಾದರೆ ಸಸಿಯನ್ನೂ ನೆಟ್ಟು ಹತ್ತಿಪ್ಪತ್ತು ವರ್ಷ ನೋಡಲಿ. ಎಂ.ಎಸ್ಸಿ. ಹುಡುಗ ಹುಡುಗಿಯರು ಹುಲ್ಲು ಎಣಿಸಲಿ. ಇದಕ್ಕೆ ಕೋಟಿಗಟ್ಟಲೆ ಏನೂ ಬೇಡ. ಜಾಗ ಆರಿಸುವಾಗ ಆ ಮಡ್ಡಿಯಲ್ಲಿ ಕುರಿ ಮೇಯಿಸುವವರನ್ನು ಮೊದಲು ಕರೆದು ಕೂರಿಸಿ ಕೇಳಲಿ, ಮತ್ತು ಅಲ್ಲಿಯವರೆಗೆ ಗಾಯರಾಣದಲ್ಲಿ ಗುಂಡಿ ತೋಡುವ ಕೆಲಸವನ್ನು ಜಿಲ್ಲಾಡಳಿತ ನಿಲ್ಲಿಸಲಿ.

– ಒಬ್ಬ ಓದುಗ, ಬೀಳಗಿ ತಾಲೂಕು, ಬಾಗಲಕೋಟೆ ಜಿಲ್ಲೆ