ಹೆಸರು ಹಾಕಬೇಡ ಎಂದ ಅಕ್ಕನಿಗೆ

ಅಕ್ಕ, ಹೆಸರು ಬರೆದರೆ ಬೈಯುತ್ತೀರಿ ಅಂತ ಗೊತ್ತು. ಅದಕ್ಕೇ ಬರೆಯುತ್ತಿಲ್ಲ. ಆದರೆ ಥ್ಯಾಂಕ್ಸ್ ಮಾತ್ರ ಎಲ್ಲರ ಎದುರೇ ಹೇಳಬೇಕು ಅನಿಸಿತು.

ಎನ್‌ಎಸ್‌ಎಸ್ (ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ) ಅಂದರೆ 2 ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಎಷ್ಟೋ ಜನ ಸರ್ಟಿಫಿಕೇಟ್‌ಗೆ ಅಂತಲೇ ಸೇರುತ್ತಾರೆ, ಸುಮ್ನೆ ಯಾಕೆ ಮುಚ್ಚಿಡಬೇಕು? ಅಂಥ ಹೊಸಬರ ಗುಂಪನ್ನು ನನ್ನ ಕೈಗೆ ಕೊಟ್ಟಾಗ ನೀವು ಭಾಷಣ ಮಾಡಲಿಲ್ಲ. ನಿಮ್ಮ ಹಳೇ ಪಾಕೆಟ್ ಪುಸ್ತಕ ಕೊಟ್ಟಿರಿ. ಅದರಲ್ಲಿ ನಮ್ಮ ಬ್ಯಾಚಿನ ಒಬ್ಬೊಬ್ಬರ ಹೆಸರಿನ ಮುಂದೆಯೂ ಒಂದೊಂದು ಸಾಲು. ‘ಬಿಸಿಲು ತಡೆಯಲ್ಲ, ನೆರಳಿನ ಕೆಲಸ ಕೊಡು.’ ‘ಅಡುಗೆ ಚೆನ್ನಾಗಿ ಬರುತ್ತೆ, ಹೇಳಿಕೊಳ್ಳಲ್ಲ.’ ನನ್ನ ಹೆಸರಿನ ಮುಂದೆ, ‘ಎಲ್ಲ ತಾನೇ ಮಾಡ್ತಾನೆ, ಬೇರೆಯವರಿಗೆ ಬಿಡಲ್ಲ.’ ನಗು ಬಂತು, ಸ್ವಲ್ಪ ಉರಿಯಿತು ಕೂಡ.

ಮನೆಮನೆ ಸಮೀಕ್ಷೆಗೆ ಬಾಯೇ ಬಿಡದ ಹುಡುಗಿಯೊಬ್ಬಳು ಬಂದಿದ್ದಳು. ಅಜ್ಜಿಯರು ಇರುವ ಮನೆಗಳಿಗೆ ಕಳಿಸು ಅಂದಿರಿ. ಮಾತೆಲ್ಲ ಅವರೇ ಆಡುತ್ತಾರೆ, ಇವಳು ಬರೆದುಕೊಂಡರೆ ಸಾಕು ಅಂತ. ಸಂಜೆ ನೋಡಿದರೆ ಎಲ್ಲರಿಗಿಂತ ಜಾಸ್ತಿ ವಿಷಯ ಅವಳ ಹತ್ತಿರವೇ! ಯಾವ ಬೋರ್‌ವೆಲ್ ಕೆಟ್ಟಿದೆ, ಯಾರ ಪಿಂಚಣಿ ನಿಂತಿದೆ, ಎಲ್ಲ. ಅದನ್ನೆಲ್ಲ ಎಲ್ಲರಿಗೂ ಹೇಳು ಅಂತ ಮೈಕ್ ಕೊಟ್ಟರೆ, ಕೈಗೆ ಸಿಕ್ಕಮೇಲೆ ಬಿಡಲೇ ಇಲ್ಲ.

ಶ್ರಮದಾನದಲ್ಲಿ ನಾನು ಗುದ್ದಲಿಗೆ ಕೈ ಹಾಕಿದಾಗಲೆಲ್ಲ ನೀವು ದೂರದಿಂದಲೇ ಕೆಮ್ಮುತ್ತಿದ್ದಿರಿ, ಅಲ್ವಾ? ಹೊಸಬರಿಗೆ ಗುದ್ದಲಿ ಕೊಟ್ಟು ಪಕ್ಕಕ್ಕೆ ನಿಲ್ಲುವುದು ಅಗೆಯುವುದಕ್ಕಿಂತ ಕಷ್ಟ. ಚರಂಡಿ ಸ್ವಲ್ಪ ಸೊಟ್ಟಗಾಯಿತು. ನೀರೇನೋ ಚೆನ್ನಾಗಿಯೇ ಹರಿಯಿತು.

ಈ ಸಲದ ಶಿಬಿರದ ಉಸ್ತುವಾರಿ ಆ ಹುಡುಗಿಯದೇ. ಬಿಡುವಾದರೆ ಒಂದು ದಿನ ಬನ್ನಿ ಅಕ್ಕ. ತುಂಬಾ ಥ್ಯಾಂಕ್ಸ್.